ಬುರ್ಕಿನಾ ಫಾಸೊದ ಹಳ್ಳಿ ಹೆರಿಗೆ ಕೋಣೆಗೆ ಸೋಲಾರ್: ಎಷ್ಟು ಪ್ಯಾನೆಲ್, ಯಾವ ಬ್ಯಾಟರಿ, ಯಾಕೆ ಕೆಡುತ್ತವೆ?

ಹುಬ್ಬಳ್ಳಿ_ಸೋಲಾರ್

ಎಲ್ಲಾರಿಗೂ ನಮಸ್ಕಾರ. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಾಗ ಒಂದು ಹಳ್ಳಿ ಆರೋಗ್ಯ ಕೇಂದ್ರಕ್ಕ ಕರೆಂಟಿನ ವ್ಯವಸ್ಥಾ ಮಾಡಿಕೊಡೋ ಕೆಲಸ ನಮ್ಮ ತಂಡಕ್ಕ ಬಂದೈತಿ. ರೊಕ್ಕ ದಾನಿಗಳದು, ಡಿಸೈನು ನಮ್ಮದು. ಊರು ಬೊಬೊ-ಜುಲಾಸೊ ಪಟ್ಟಣದಿಂದ ಒಳಗ, ಹತ್ತಿ ಬೆಳೆಯೋ ಸೀಮಿ. ಅಲ್ಲಿಗೆ ಇನ್ನೂ ಕಂಬ ಬಂದಿಲ್ಲ. ಒಂದು ಹೆರಿಗೆ ಕೋಣಿ, ಒಂದು ಓಪಿಡಿ, ಒಂದು ಔಷಧ ಕೋಣಿ, ಹಿಂದ ನರ್ಸ್ ಮನಿ. ಬೇಕಾಗಿದ್ದು ರಾತ್ರಿ ಹೆರಿಗೆಗೆ ಬೆಳಕು, ಮೈಕ್ರೋಸ್ಕೋಪು, ಲ್ಯಾಪ್‌ಟಾಪ್, ಸಕ್ಷನ್ ಯಂತ್ರ (ಕೂಸಿನ ಬಾಯಿ-ಮೂಗಿನ ಲೋಳಿ ಎಳಿಯೋದು), ಎರಡು ಫ್ಯಾನು, ಫೋನ್ ಚಾರ್ಜಿಂಗ್. ಲಸಿಕೆ ಫ್ರಿಜ್ ಮೊದಲ ಐತಿ, ಅದಕ್ಕ ಅದರದ ಪ್ಯಾನೆಲ್ ಅದಾವ. ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರೆ ಮಾಡೋ ಯಂತ್ರ) ಕೂಡ ಕೊಡೋಣ ಅಂತಾರ ದಾನಿಗಳು.

ನಮ್ಮ ಪ್ರಶ್ನಿ ಇವು. ಪ್ಯಾನೆಲ್, ಬ್ಯಾಟರಿ ಎಷ್ಟು ಹಾಕಬೇಕು? ಫ್ರಿಜ್ ಪ್ಯಾನೆಲ್‌ನಾಗ ಮಧ್ಯಾಹ್ನ ಉಳಿಯೋ ಕರೆಂಟ್ ಬೇರೆದಕ್ಕ ತಗೋಬಹುದಾ? ಸಾಮಾನೆಲ್ಲಾ ಇಲ್ಲಿಂದನ ಕಳಿಸೋದು ಛಲೋನೋ, ಅಲ್ಲೇ ಕೊಳ್ಳೋದೋ? ಹಂಗ ಇನ್ನೊಂದು, ಇಂಥಾ ಕಡೆ ಹಾಕಿದ ಸೋಲಾರ್ ಎರಡು-ಮೂರು ವರ್ಷಕ್ಕ ಬಂದ್ ಬೀಳತಾವ ಅಂತಾರಲ್ಲ, ಯಾಕ?

---

ಧಾರವಾಡ_ವೈರಿಂಗ್

ಮೊದಲ ಕಾನ್ಸಂಟ್ರೇಟರ್ ಬದಿಗಿಡ್ರಿ. ನಿಮಿಷಕ್ಕ 5 ಲೀಟರ್ ಕೊಡೋ ಯಂತ್ರ 350 ವ್ಯಾಟ್ ಎಳೀತೈತಿ. ಎಂಟು ತಾಸು ನಡೆಸಿದ್ರ 2,800 ವ್ಯಾಟ್-ಅವರ್, ಅಂದ್ರ ಸುಮಾರು ಮೂರು ಯೂನಿಟ್. ಉಳಿದಿದ್ದು ಎಲ್ಲಾ ಕೂಡಿಸಿದ್ರೂ ಇದರ ಅರ್ಧ ಆಗಂಗಿಲ್ಲ. ಇಲ್ಲೇ ಲೆಕ್ಕ ಹಾಕಿ ತೋರಸ್ತೀನಿ:

ಹೆರಿಗೆ ಕೋಣಿಗೆ 9 ವ್ಯಾಟಿನ ಎರಡು ಬಲ್ಬ್, ಹತ್ತು ತಾಸು: 180
ಉಳಿದ ಕೋಣಿಗೆ 5 ವ್ಯಾಟಿನ ನಾಕು, ಐದು ತಾಸು: 100
ಪಡಸಾಲಿಗೆ 5 ವ್ಯಾಟಿನ ಎರಡು, ರಾತ್ರಿಯಿಡೀ: 120
30 ವ್ಯಾಟಿನ ಬಿಎಲ್‌ಡಿಸಿ (ಕಡಿಮಿ ಕರೆಂಟ್ ಎಳಿಯೋ) ಫ್ಯಾನ್ ಎರಡು, ಎಂಟು ತಾಸು: 480
ಲ್ಯಾಪ್‌ಟಾಪ್ 150, ಮೈಕ್ರೋಸ್ಕೋಪು 60, ಸಕ್ಷನ್ 50, ಫೋನ್ 100

ಒಟ್ಟು 1,240 ವ್ಯಾಟ್-ಅವರ್. ಫ್ಯಾನು ಸಾದಾದು ಹಾಕಿದ್ರ ಅದೊಂದ 480 ಇದ್ದದ್ದು ಸಾವಿರ ದಾಟತೈತಿ. ಬಿಎಲ್‌ಡಿಸಿ ಬಿಟ್ಟು ಬ್ಯಾರೆ ತಗೋಬ್ಯಾಡ್ರಿ.

ಅಲ್ಲೆ ಬಿಸಿಲಿಗೆ ಬರ ಇಲ್ಲ. ಮಳಿಗಾಲದ ಆಗಸ್ಟ್ ತಿಂಗಳ ಹಿಡದು ದಿನಕ್ಕ 5 ತಾಸಿನ ಪೂರ್ಣ ಬಿಸಿಲು ಅಂತ ಇಟಗೋರಿ. ಧೂಳು, ಕಾವು, ವೈರು, ಬ್ಯಾಟರಿ ಎಲ್ಲಾ ಕೂಡಿ ಮೂರನೇ ಒಂದು ಪಾಲು ಹೋಗತೈತಿ, ಅದಕ್ಕ 0.65 ರಿಂದ ಭಾಗಿಸಬೇಕು. 1,240 ನ್ನ 5 ರಿಂದ, ಆಮ್ಯಾಲೆ 0.65 ರಿಂದ ಭಾಗಿಸಿದ್ರ 380 ವ್ಯಾಟ್ ಬರತೈತಿ. ನಾನಾದ್ರ 330 ರ ಎರಡು ಪ್ಯಾನೆಲ್ ಹಾಕ್ತೀನಿ, 660. ಪ್ಯಾನೆಲ್ ಈಗ ಸೋವಿ. ಹೆಚ್ಚಿಗಿ ಪ್ಯಾನೆಲ್ ಇದ್ರ ಮೋಡದ ದಿನಾನೂ ಬ್ಯಾಟರಿ ಪೂರ್ತಿ ತುಂಬತೈತಿ, ಬಾಳಿಕೆ ಬರತೈತಿ.

ಎರಡೂ ಪ್ಯಾನೆಲ್ ಸೀರೀಸ್ ಮಾಡ್ರಿ, ಅಂದ್ರ ಒಂದರ ಪ್ಲಸ್ ಇನ್ನೊಂದರ ಮೈನಸ್ಸಿಗೆ. ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್) ಮಾಡಿದ್ರ 37 ವೋಲ್ಟಿಗೆ 17-18 ಆಂಪಿಯರ್ ಹರೀತೈತಿ. 10 ಮೀಟರ್ ದೂರಕ್ಕ 4 ಚದರ ಮಿ.ಮೀ. ವೈರಿನಾಗ ಒಂದೂವರೆ ವೋಲ್ಟ್, ಅಂದ್ರ ನೂರಕ್ಕ ನಾಕು, ಸುಮ್ನ ಹೋಗತೈತಿ. ಸೀರೀಸಿನಾಗ 74 ವೋಲ್ಟ್, 9 ಆಂಪಿಯರ್. ನಷ್ಟ ನೂರಕ್ಕ ಒಂದು. ಆದ್ರ ಒಂದು ಲಕ್ಷ್ಯ ಇರಲಿ. 72 ಸೆಲ್ಲಿನ ಪ್ಯಾನೆಲ್‌ನ ಓಪನ್ ವೋಲ್ಟೇಜ್ (ಲೋಡ್ ಇಲ್ಲದಾಗಿಂದು) 46, ಎರಡಕ್ಕ 92. ಚಳಿಗಾಲದ ಮುಂಜಾನೆ 15 ಡಿಗ್ರಿ ಇದ್ದಾಗ ಅದು 95 ರ ಹತ್ರ ಏರತೈತಿ. 100 ವೋಲ್ಟಿನ ಎಂಪಿಪಿಟಿ (ಬ್ಯಾಟರಿ ಚಾರ್ಜ್ ಮಾಡೋ ಕಂಟ್ರೋಲರ್) ನಡೀತೈತಿ, ಆದ್ರ ಬಾಳ ಬಿಗಿ. 150 ವೋಲ್ಟ್, 30 ಆಂಪಿಯರಿಂದು ತಗೋರಿ.

ಬ್ಯಾಟರಿ 24 ವೋಲ್ಟ್. ಟ್ಯುಬುಲರ್ (ನೀರು ಹಾಕೋ ಸೀಸ-ಆಮ್ಲದ್ದು) ಆದ್ರ ಅರ್ಧಕ್ಕಿಂತ ಕೆಳಗ ಇಳಸಬಾರದು. ಎರಡು ದಿನದ ದಾಸ್ತಾನಿಗೆ 200 ಎಎಚ್ (ಆಂಪಿಯರ್-ಅವರ್), ಅಂದ್ರ 12 ವೋಲ್ಟಿನ 200 ಎಎಚ್ ಎರಡು. ಲಿಥಿಯಂ ಐರನ್ ಫಾಸ್ಫೇಟ್ ಆದ್ರ 25.6 ವೋಲ್ಟ್ 125 ಎಎಚ್ ಸಾಕು.

ಎಲ್ಲಾರೂ ಕೆಡಿಸಿಡೋ ಜಾಗಾ ಇನ್ನೊಂದ ಐತಿ. ಕೋಣಿಗೆ 12 ವೋಲ್ಟಿನ ಬಲ್ಬ್ ಬೇಕು ಅಂತ ಎರಡು ಬ್ಯಾಟರಿಯೊಳಗ ಒಂದಕ್ಕ ವೈರ್ ಸಿಗಸ್ತಾರ. ಆ ಬ್ಯಾಟರಿ ದಿನಾ ಹೆಚ್ಚಿಗಿ ಖಾಲಿ ಆಗತೈತಿ, ಇನ್ನೊಂದು ಹೆಚ್ಚಿಗಿ ಚಾರ್ಜ್ ಆಗಿ ನೀರ ಕುದಸ್ತೈತಿ. ಕೆಲವು ತಿಂಗಳದಾಗ ಎರಡೂ ಹೋಗತಾವ. 24 ರಿಂದ 12 ಕ್ಕ ಇಳಿಸೋ 10 ಆಂಪಿಯರಿನ ಕನ್ವರ್ಟರ್ ಹಾಕ್ರಿ. ಹೆರಿಗೆ ಕೋಣಿ ದೀಪ ಮಾತ್ರ ಇನ್ವರ್ಟರ್ ಮ್ಯಾಲೆ ಇಡಬ್ಯಾಡ್ರಿ; ನೇರ ಡಿಸಿ ಲೈನ್ ಕೊಡ್ರಿ. ಇನ್ವರ್ಟರ್ ಕೆಟ್ಟ ರಾತ್ರಿಯೂ ಹೆರಿಗೆ ನಿಲ್ಲಂಗಿಲ್ಲಲ್ಲ.

---

ಗದಗ_ಕಪ್ಪತಗುಡ್ಡ

ಮೇಲಿನ ಲೆಕ್ಕ ಸರಿ ಇದೆ. ಆದರೆ ಆ ದೇಶದ ಸ್ಥಿತಿ ತಿಳಿಯದೆ ಸಾಮಾನು ಆರಿಸಿದರೆ ಲೆಕ್ಕ ಸರಿ ಇದ್ದೂ ಕೆಲಸ ಕೆಡುತ್ತದೆ.

ಬುರ್ಕಿನಾ ಫಾಸೊಗೆ ಸಮುದ್ರ ಇಲ್ಲ, ಸ್ವಂತ ತೈಲವೂ ಇಲ್ಲ. ಅಲ್ಲಿನ ಸರ್ಕಾರಿ ವಿದ್ಯುತ್ ಕಂಪನಿ ಸೊನಾಬೆಲ್. ಅದು ಬೇಡಿಕೆಯ ದೊಡ್ಡ ಪಾಲನ್ನು ಐವರಿ ಕೋಸ್ಟ್ ಮತ್ತು ಘಾನಾದಿಂದ ತಂತಿ ಮೂಲಕ ಕೊಳ್ಳುತ್ತದೆ. ಉಳಿದದ್ದರಲ್ಲಿ ಬಹುಪಾಲು ಬಂದರಿನಿಂದ ಟ್ಯಾಂಕರ್‌ಗಳಲ್ಲಿ ತರಿಸಿದ ಎಣ್ಣೆ ಸುಟ್ಟು ಮಾಡುವುದು. ರಾಜಧಾನಿ ವಾಗಡೂಗು ಪಕ್ಕದ ಜಾಗ್ತೂಲಿಯಲ್ಲಿ 2017ರಲ್ಲಿ 33 ಮೆಗಾವ್ಯಾಟಿನ ಸೋಲಾರ್ ಘಟಕ ಶುರುವಾಯಿತು. ಆಗ ಪಶ್ಚಿಮ ಆಫ್ರಿಕಾಕ್ಕೆ ಅದು ದೊಡ್ಡ ಸುದ್ದಿ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿ ಯಂತ್ರಗಳನ್ನು ನೋಡುವ ಗದಗಿನವರಿಗೆ ಆ ಅಂಕಿ ಎಷ್ಟು ಸಣ್ಣದು ಎಂದು ಬೇಗ ಅಂದಾಜಾಗುತ್ತದೆ. ಅದೂ ಇಡೀ ದೇಶದ ಲೆಕ್ಕದಲ್ಲಿ.

ಹಳ್ಳಿಗೆ ಕಂಬ ಬಾರದಿರುವುದಕ್ಕೆ ಬರೀ ಉತ್ಪಾದನೆಯ ಕೊರತೆ ಕಾರಣವಲ್ಲ. ಜನಸಂಖ್ಯೆಯ ನೂರಕ್ಕೆ ಸುಮಾರು ನಲವತ್ತು ಮಂದಿ ಬಡತನ ರೇಖೆಯ ಕೆಳಗಿದ್ದಾರೆ. ಮನೆಗಳು ಚದುರಿವೆ, ಒಂದೊಂದು ಮನೆ ತಿಂಗಳಿಗೆ ಬಳಸುವುದು ಕೆಲವೇ ಯೂನಿಟ್. ಎಳೆದ ತಂತಿಯ ಖರ್ಚು ಬಿಲ್ಲಿನಿಂದ ಯಾವತ್ತೂ ಹುಟ್ಟುವುದಿಲ್ಲ. ಕಂಬ ಬಂದ ಊರಲ್ಲೂ ಸಂಪರ್ಕದ ಠೇವಣಿ ಮತ್ತು ಮನೆ ವೈರಿಂಗ್ ಖರ್ಚು ಒಟ್ಟಿಗೆ ಕಟ್ಟಲಾಗದೆ ಕಂಬದ ಬುಡದ ಮನೆಗಳೇ ಕತ್ತಲಲ್ಲಿರುತ್ತವೆ. ನಮ್ಮಲ್ಲಿ ಭಾಗ್ಯಜ್ಯೋತಿ ಆ ಮೊದಲ ಖರ್ಚನ್ನೇ ಸರ್ಕಾರದ ಮೇಲೆ ಹಾಕಿಕೊಂಡಿತ್ತು. ಒಂದೇ ಬಲ್ಬ್ ಆದರೂ ಬಡವರ ಮನೆಗೆ ತಂತಿ ಮುಟ್ಟಿದ್ದು ಹಾಗೆ.

ಹಾಗಂತ ನೀವು ಹೋಗುವ ಊರಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ. ಸೀಮೆಎಣ್ಣೆ ಬುಡ್ಡಿಯ ಜಾಗಕ್ಕೆ ಸೆಲ್ ಹಾಕುವ ಎಲ್‌ಇಡಿ ಟಾರ್ಚ್ ಬಂದು ಬಹಳ ಕಾಲವಾಯಿತು. ಸಂತೆಯಲ್ಲಿ ಅಗ್ಗದ ಸಣ್ಣ ಪ್ಯಾನೆಲ್ ಸಿಗುತ್ತದೆ. ಜನ ಅದಕ್ಕೆ ಹಳೆಯ ಕಾರ್ ಬ್ಯಾಟರಿ ನೇರ ಜೋಡಿಸುತ್ತಾರೆ, ಕಂಟ್ರೋಲರ್ ಇರುವುದಿಲ್ಲ. ಕಾರ್ ಬ್ಯಾಟರಿ ಇರುವುದು ಎಂಜಿನ್ ಸ್ಟಾರ್ಟ್ ಮಾಡಲಿಕ್ಕೆ, ದಿನಾ ಆಳವಾಗಿ ಖಾಲಿ ಮಾಡಲಿಕ್ಕಲ್ಲ. ತಿಂಗಳುಗಳಲ್ಲೇ ಸಾಯುತ್ತದೆ. ಬಡ ಮನೆ ಹೀಗೆ ಮತ್ತೆ ಮತ್ತೆ ಕೊಳ್ಳುತ್ತಾ ಒಂದು ಒಳ್ಳೆಯ ಕಿಟ್‌ಗಿಂತ ಹೆಚ್ಚು ಕಳೆಯುತ್ತದೆ. ನಿಮ್ಮ ಸೋಲಾರನ್ನೂ ಊರವರು ಇದೇ ಅನುಭವದಿಂದ ಅಳೆಯುತ್ತಾರೆ.

ಈಗ ಸಾಗಣೆ. ಬ್ಯಾಟರಿ ಇಲ್ಲಿಂದ ಕಳಿಸಲೇಬೇಡಿ. ಬಿಡಿ ಲಿಥಿಯಂ ಬ್ಯಾಟರಿ ಅಪಾಯಕಾರಿ ಸರಕು; ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕಲು ಬಿಡುವುದೇ ಇಲ್ಲ. ಹಡಗಿನಲ್ಲಿ ಕಳಿಸಿದರೂ ಟೋಗೊದ ಲೋಮೆ, ಘಾನಾದ ತೆಮಾ ಅಥವಾ ಐವರಿ ಕೋಸ್ಟಿನ ಅಬಿಜಾನ್ ಬಂದರಿನಲ್ಲಿ ಇಳಿಸಿ, ನೂರಾರು ಕಿಲೋಮೀಟರ್ ಲಾರಿಯಲ್ಲಿ ಹೋಗಿ, ಗಡಿಯಲ್ಲಿ ಮತ್ತೆ ಕಾಗದಪತ್ರ. ಇಷ್ಟೆಲ್ಲ ದಾಟಿ ಹೋದ ಬ್ಯಾಟರಿ ವಾರಂಟಿಯಲ್ಲಿ ಕೆಟ್ಟರೆ ವಾಪಸ್ ಹುಬ್ಬಳ್ಳಿಗೆ ಬರುತ್ತದೆಯೇ? ಪ್ಯಾನೆಲ್, ಬ್ಯಾಟರಿ, ಇನ್ವರ್ಟರ್ ಮೂರನ್ನೂ ವಾಗಡೂಗು ಅಥವಾ ಬೊಬೊ-ಜುಲಾಸೊದಲ್ಲೇ ಕೊಳ್ಳಿ. ರಶೀದಿ ಆರೋಗ್ಯ ಕೇಂದ್ರದ ಹೆಸರಲ್ಲಿರಲಿ. ಇಲ್ಲಿಂದ ಒಯ್ಯಬೇಕಾದ್ದು ಒಳ್ಳೆಯ ಕ್ರಿಂಪಿಂಗ್ ಉಪಕರಣ, ಅದರಿಂದ ವೈರಿನ ತುದಿಗೆ ಒತ್ತಿ ಕೂರಿಸುವ ತಾಮ್ರದ ಲಗ್ಗುಗಳು, ಡಿಸಿ ಕ್ಲ್ಯಾಂಪ್ ಮೀಟರ್, ಬಿಡಿ ಫ್ಯೂಸ್. ಅಲ್ಲಿ 220 ವೋಲ್ಟ್, 50 ಹರ್ಟ್ಸ್. ನಮ್ಮ ಯಂತ್ರಗಳು ನಡೆಯುತ್ತವೆ, ಆದರೆ ಪ್ಲಗ್ ಫ್ರೆಂಚ್ ಮಾದರಿಯದು. ಡಿಬಿ ಬಾಕ್ಸ್ (ಸ್ವಿಚ್, ಫ್ಯೂಸ್ ಇರುವ ಪೆಟ್ಟಿಗೆ) ಮೇಲಿನ ಚೀಟಿಗಳನ್ನೂ ಫ್ರೆಂಚ್‌ನಲ್ಲಿ ಬರೆಸಿ. ನರ್ಸ್ ಓದುವುದು ಅದನ್ನೇ.

ಧಾರವಾಡದವರು ಲಿಥಿಯಂ, ಟ್ಯುಬುಲರ್ ಎರಡಕ್ಕೂ ಬಾಗಿಲು ತೆರೆದಿಟ್ಟಿದ್ದಾರೆ. ನನ್ನ ಮತ ಸ್ವಲ್ಪ ಬೇರೆ. ಏಪ್ರಿಲ್‌ನಲ್ಲಿ ಅಲ್ಲಿ ಹಗಲು 40 ಡಿಗ್ರಿ ದಾಟುತ್ತದೆ. ಸೀಸ-ಆಮ್ಲದ ಬ್ಯಾಟರಿ 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಾದಂತೆ ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ಜೊತೆಗೆ ಡಿಸ್ಟಿಲ್ಡ್ ನೀರು ಹಾಕುತ್ತಿರಬೇಕು. ಆ ನೀರು ಸಿಗದಿದ್ದಾಗ ಬಾವಿ ನೀರು ಹಾಕುತ್ತಾರೆ, ಅಲ್ಲಿಗೆ ಮುಗಿಯಿತು. ಪಟ್ಟಣದಲ್ಲಿ ವಾರಂಟಿ ಕೊಡುವ ಅಂಗಡಿ ಇದ್ದರೆ ಲಿಥಿಯಂ ಹಾಕಿ. ಇಲ್ಲದಿದ್ದರೆ ಟ್ಯುಬುಲರ್, ಏಕೆಂದರೆ ಅದನ್ನು ಯಾವ ಗ್ಯಾರೇಜಿನವನೂ ಪರೀಕ್ಷಿಸಬಲ್ಲ. ಲಿಥಿಯಂನ ಒಳಗಿನ ಬೋರ್ಡ್ ಹೋದರೆ ಹಳ್ಳಿಯಲ್ಲಿ ಯಾರೂ ಬಿಚ್ಚಲಾರರು. ಯಾವುದಾದರೂ ಸರಿ, ತಗಡಿನ ಪೆಟ್ಟಿಗೆಯಲ್ಲಿ ಹೊರಗಿಡಬೇಡಿ. ಉತ್ತರದ ಗೋಡೆ ಕಡೆ, ಒಳಗೆ, ಗಾಳಿ ಆಡುವ ಹಾಗೆ.

ಧೂಳಿನ ಬಗ್ಗೆಯೂ ಹೇಳಬೇಕು. ಡಿಸೆಂಬರ್‌ನಿಂದ ಫೆಬ್ರವರಿ ತನಕ ಸಹಾರಾದಿಂದ ಹರ್ಮಟಾನ್ ಗಾಳಿ ಬೀಸುತ್ತದೆ. ಹಿಟ್ಟಿನಂಥ ನುಣ್ಣನೆಯ ಧೂಳು. ಆಕಾಶವೇ ಮಸುಕಾಗಿ ಬಿಸಿಲು ಕಡಿಮೆಯಾಗುತ್ತದೆ, ಗಾಜಿನ ಮೇಲೆ ಪದರ ಬೇರೆ. ಮಳೆ ಇಲ್ಲದ ಕಾಲವಾದ್ದರಿಂದ ತಾನಾಗಿ ತೊಳೆದುಹೋಗುವುದಿಲ್ಲ. ವಾರಕ್ಕೊಮ್ಮೆ ಬೆಳಗಿನ ಹೊತ್ತು, ಗಾಜು ತಣ್ಣಗಿರುವಾಗ, ಒದ್ದೆ ಬಟ್ಟೆಯಿಂದ ಒರೆಸಬೇಕು. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಎರಚಬಾರದು. ಏಣಿ ಇಲ್ಲದೆ ಕೈಗೆ ಸಿಗುವಂತೆ ಪ್ಯಾನೆಲ್ ನಿಲ್ಲಿಸಿದರೆ ಮಾತ್ರ ಇದು ನಡೆಯುತ್ತದೆ. ಛಾವಣಿಗೆ ಹಾಕಿದ್ದನ್ನು ಯಾರೂ ಒರೆಸುವುದಿಲ್ಲ. ಇಳಿಜಾರು ದಕ್ಷಿಣಕ್ಕೆ 15 ಡಿಗ್ರಿ, ನಮ್ಮ ಗದಗಿನಲ್ಲಿ ಇಡುವಷ್ಟೇ.

---

ಹುಬ್ಬಳ್ಳಿ_ಸೋಲಾರ್

ಬಾಳ ಉಪಕಾರ ಆತು ಇಬ್ಬರಿಗೂ. ಬ್ಯಾಟರಿ ಅಲ್ಲೇ ಕೊಳ್ಳೋದು ಅಂತ ಬರಕೊಂಡೆ. ಫ್ರಿಜ್ ಪ್ಯಾನೆಲ್ ವಿಷಯ, ಕಾನ್ಸಂಟ್ರೇಟರ್ ವಿಷಯ ಯಾರರ ಹೇಳ್ರಿ. ಇನ್ನೊಂದು, ಊರಿನ ಹೆಣ್ಣಮಕ್ಕಳು ಬೆಳಕಿಗಿಂತ ಮೊದಲ ಹಿಟ್ಟಿನ ಗಿರಣಿ ಕೇಳ್ಯಾರಂತ. ಸೋಲಾರ್ ಮ್ಯಾಲೆ ಅದು ನಡೀತೈತಾ?

---

ಲಸಿಕೆ_ಕೋಲ್ಡ್‌ಚೈನ್

ಫ್ರಿಜ್ ಪ್ಯಾನೆಲ್ ಮುಟ್ಟಬೇಡಿ. ಅದು ಬ್ಯಾಟರಿ ಇಲ್ಲದ, ಪ್ಯಾನೆಲ್‌ಗೆ ನೇರ ಜೋಡಿಸಿದ ಮಾದರಿ ಆಗಿದ್ದರೆ ಹಗಲು ಒಳಗಿನ ಗೋಡೆಯಲ್ಲಿ ಮಂಜುಗಡ್ಡೆ ಕಟ್ಟಿಸಿ, ರಾತ್ರಿ ಮತ್ತು ಮೋಡದ ದಿನ ಆ ಮಂಜಿನ ಮೇಲೆ 2 ರಿಂದ 8 ಡಿಗ್ರಿ ಕಾಯುತ್ತದೆ. ಕನಿಷ್ಠ ಮೂರು ದಿನ ಬಿಸಿಲಿಲ್ಲದೆ ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಮಧ್ಯಾಹ್ನ ‘ಉಳಿಯುತ್ತದೆ’ ಎಂದು ಕಾಣುವ ಕರೆಂಟ್ ಕಂಪ್ರೆಸರ್ ಮತ್ತೆ ಸ್ಟಾರ್ಟ್ ಆಗುವಾಗ ಬೇಕಾಗುವ ಕರೆಂಟ್. ಒಂದು ಫೋನ್ ಚಾರ್ಜರ್ ಸೇರಿದರೂ ಮಸುಕು ಬೆಳಗಿನಲ್ಲಿ ಕಂಪ್ರೆಸರ್ ಏಳದೆ ಹೋಗಬಹುದು. ಇಂಥ ಬಳಕೆಗಾಗಿಯೇ ಪ್ರತ್ಯೇಕ ಸಾಧನ ಸೇರಿಸಿ ತಯಾರಿಸಿದ ಫ್ರಿಜ್‌ಗಳಿವೆ. ನಿಮ್ಮದು ಅದಲ್ಲದಿದ್ದರೆ ಬೇಡ.

ಕಾನ್ಸಂಟ್ರೇಟರ್‌ಗೆ ಬೇರೆಯೇ ಪ್ಯಾನೆಲ್, ಬೇರೆಯೇ ಬ್ಯಾಟರಿ ಇರಲಿ. ದಿನಕ್ಕೆ ಎಂಟು ಗಂಟೆಯ ಲೆಕ್ಕಕ್ಕೆ 330 ರ ಮೂರು ಪ್ಯಾನೆಲ್ ಕನಿಷ್ಠ. ಇನ್ವರ್ಟರ್ ಶುದ್ಧ ಸೈನ್ ವೇವ್ (ಕಂಬದ ಕರೆಂಟಿನಂಥದ್ದೇ ಕೊಡುವುದು), ಸ್ಟಾರ್ಟಿಂಗ್ ಎಳೆತ ತಡೆಯಲು ಸಾವಿರ ವಿಎಗಿಂತ ಮೇಲಿನದು. ಈ ಯಂತ್ರಗಳನ್ನು ಸಾಮಾನ್ಯವಾಗಿ 40 ಡಿಗ್ರಿ ತನಕದ ಕೋಣೆಗೆ ಮಾಡಿರುತ್ತಾರೆ. ಅಲ್ಲಿನ ಏಪ್ರಿಲ್ ಮಧ್ಯಾಹ್ನ ಆ ಗಡಿ ದಾಟುತ್ತದೆ, ಆಮ್ಲಜನಕದ ಶುದ್ಧತೆ ಇಳಿಯುತ್ತದೆ. ಧೂಳಿನ ಕಾಲದಲ್ಲಿ ಹೊರಗಿನ ಫಿಲ್ಟರ್ ವಾರಕ್ಕೊಮ್ಮೆ ತೊಳೆದು ಒಣಗಿಸಬೇಕು. ಶುದ್ಧತೆ ಅಳೆಯುವ ಮೀಟರ್ ಮತ್ತು ಪಲ್ಸ್ ಆಕ್ಸಿಮೀಟರ್ ಇಲ್ಲದೆ ಯಂತ್ರ ಮಾತ್ರ ಕೊಟ್ಟರೆ ಶಿಶುವಿಗೆ ಹೋಗುತ್ತಿರುವುದು ಆಮ್ಲಜನಕವೋ ಬರೀ ಗಾಳಿಯೋ ನರ್ಸ್‌ಗೆ ತಿಳಿಯುವುದಿಲ್ಲ. ದಾನಿಗಳಿಗೆ ಇದನ್ನು ಸ್ಪಷ್ಟವಾಗಿ ಹೇಳಿ.

---

ಹಾವೇರಿ_ಗಿರಣಿ

ಹೆಣ್ಣಮಕ್ಕಳು ಕೇಳಿದ್ದು ಖರೇ ಐತ್ರಿ. ಅಲ್ಲಿಯ ಊಟ ನಮ್ಮದಕ್ಕ ದೂರಿಲ್ಲ. ಜ್ವಾಳ, ಸಜ್ಜಿ ಹಿಟ್ಟು ಕುದಸಿ ಗಟ್ಟಿ ತಿರುವಿ ‘ತೋ’ ಅಂತ ಮಾಡತಾರ, ನಮ್ಮ ಮುದ್ದಿ ಹಂಗ. ಗಿರಣಿ ಇಲ್ಲದ ಊರಾಗ ಆ ಹಿಟ್ಟು ಒಳ್ಳಾಗ ಒನಕಿಲೆ ಕುಟ್ಟಬೇಕು. ಬೆಳಕು ಒಂದ ತಾಸಿನ ಅನುಕೂಲ, ಗಿರಣಿ ದಿನಾ ಎರಡು-ಮೂರು ತಾಸಿನ ದುಡಿಮಿ ತಪ್ಪಸ್ತೈತಿ. ನನ್ನ ಕೇಳಿದ್ರ ಬಡತನ ಕಡಿಮಿ ಮಾಡೋ ಕರೆಂಟು ಹಗಲಾಗ ಕೆಲಸಾ ಮಾಡೋ ಕರೆಂಟು.

ಹಿಂದ ಮಾಲಿ, ಬುರ್ಕಿನಾ ಕಡೆ ಇದಕ್ಕ ಡೀಸೆಲ್ ಎಂಜಿನ್ ಕೂಡಿಸಿದ್ರು. ಒಂದ ಎಂಜಿನ್ನಿಗೆ ಗಿರಣಿ, ಹೊಟ್ಟು ತೆಗಿಯೋ ಯಂತ್ರ, ಬ್ಯಾಟರಿ ಚಾರ್ಜರ್ ಬೆಲ್ಟಿಲೆ ಜೋಡಿಸಿ ಹೆಣ್ಣಮಕ್ಕಳ ಸಂಘದ ಕೈಯಾಗ ಕೊಟ್ರು. ವಿಚಾರ ಛಲೋ ಇತ್ತು. ಡೀಸೆಲ್ ದರ ಏರಿದಾಗ, ಇಂಜೆಕ್ಟರ್ ಕೆಟ್ಟಾಗ ನಿಂತು ಹೋಗತಿದ್ವು.

ಸೋಲಾರ್ ಮ್ಯಾಲೆ ಮಾಡೋದಾದ್ರ ಬ್ಯಾಟರಿ ಬ್ಯಾಡ. 2 ಎಚ್‌ಪಿ ಮೂರು ಫೇಸಿನ 220 ವೋಲ್ಟ್ ಮೋಟಾರ್, ಅದಕ್ಕ ಸೋಲಾರ್ ಪಂಪಿಗೆ ಹಾಕೋ, ಮೋಟಾರಿನ ವೇಗ ಏರಿಳಿಸೋ ವಿಎಫ್‌ಡಿ ಡ್ರೈವ್. ಸಿಂಗಲ್ ಫೇಸ್ ಮೋಟಾರ್ ತಗೊಂಡ್ರ ಸ್ಟಾರ್ಟ್ ಆಗೋವಾಗ ಐದಾರು ಪಟ್ಟು ಎಳೀತೈತಿ, ಪ್ಯಾನೆಲ್ ಕೊಡಂಗಿಲ್ಲ, ಮೋಟಾರ್ ಗುಂಯ್ ಅಂತ ನಿಂತು ಸುಡತೈತಿ. ಡ್ರೈವ್ ನಿಧಾನಕ ಏರಸ್ತೈತಿ.

330 ರ ಒಂಬತ್ತು ಪ್ಯಾನೆಲ್ ಸೀರೀಸ್, 2,970 ವ್ಯಾಟ್. ಓಪನ್ ವೋಲ್ಟೇಜ್ 414. ಈ ವರ್ಗದ ಡ್ರೈವ್ ಬಾಳಷ್ಟು 450 ತನಕ ತಡೀತಾವ, ಹತ್ತನೇ ಪ್ಯಾನೆಲ್ ಹಾಕಿದ್ರ 460 ಆಗಿ ಡ್ರೈವ್ ಹೋಗತೈತಿ. ನಡಿಯೋವಾಗ 333 ವೋಲ್ಟ್. ಕಡು ಬ್ಯಾಸಗಿಗೆ ಪ್ಯಾನೆಲ್ ಕಾದು 285 ರ ತನಕ ಇಳೀತೈತಿ, ಮೋಟಾರ್ ವೇಗ ಒಂದಿಷ್ಟು ತಗ್ಗತೈತಿ, ತೊಂದ್ರಿಲ್ಲ. 400 ವೋಲ್ಟಿನ ಡಿಸಿ ಭಾಳ ಕೆಟ್ಟದ್ದು. ಮನಿಗೆ ಹಾಕೋ ಎಸಿ ಎಮ್‌ಸಿಬಿ ಅಲ್ಲಿ ಹಾಕಬ್ಯಾಡ್ರಿ. ಆಫ್ ಮಾಡಿದಾಗ ಕಿಡಿ ಆರಂಗಿಲ್ಲ, ಡಬ್ಬಿ ಹೊತ್ತತೈತಿ. ಡಿಸಿ ಐಸೋಲೇಟರ್ (ಡಿಸಿ ಕಡಿಯೋ ಸ್ವಿಚ್) ಬೇಕು.

ಡೀಸೆಲ್ ಗಿರಣಿಯಷ್ಟು ಇದು ಬೀಸಂಗಿಲ್ಲ, ಮೊದಲ ಹೇಳಿಬಿಡ್ರಿ. ಮುಂಜಾನೆ ಒಂಬತ್ತರಿಂದ ಸಂಜಿ ನಾಕರ ತನಕ ಅಷ್ಟ. ಆದ್ರ ಸಜ್ಜಿ ಹಿಟ್ಟು ಬಾಳ ದಿನಾ ಇಟ್ರ ಕಮಟಾಗಿ ಕಹಿ ಆಗತೈತಿ, ಹಿಂಗಾಗಿ ಅವರು ಸಣ್ಣ ಸಣ್ಣ ಗಂಟು ಪದೇ ಪದೇ ತರತಾರ. ಸಣ್ಣ ಗಿರಣಿಗೆ ಅದು ಹೊಂದತೈತಿ.

ಒಲಿ ವಿಷಯ ಯಾರೂ ಎತ್ತಲಿಲ್ಲ. ಆ ಮನಿಗಳಾಗ ಖರ್ಚಾಗೋ ಶಕ್ತಿಯ ದೊಡ್ಡ ಪಾಲು ಕಟಗಿ. ಬಲ್ಬ್ ಹಾಕಿದ್ರ ಒಂದ ಕಟಗಿನೂ ಉಳಿಯಂಗಿಲ್ಲ. ಸುಧಾರಿಸಿದ ಒಲಿ ಕೊಡೋದಾದ್ರ ಗಟ್ಟಿ ಬುಡದ್ದು ಕೊಡ್ರಿ. ‘ತೋ’ ತಿರುವೋವಾಗ ಜೋರು ಬೀಳತೈತಿ, ಹಗುರ ಒಲಿ ಉರುಳತೈತಿ, ಆಮ್ಯಾಲೆ ಮತ್ತ ಮೂರು ಕಲ್ಲಿಗೆ ಹೋಗತಾರ.

---

ಗದಗ_ಕಪ್ಪತಗುಡ್ಡ

ಕೊನೆಯ ಪ್ರಶ್ನೆ ಉಳಿಯಿತು, ಯಾಕೆ ಕೆಡುತ್ತವೆ ಎಂಬುದು.

ಬಹುತೇಕ ಕಡೆ ಕೆಡುವುದು ಪ್ಯಾನೆಲ್ ಅಲ್ಲ. ಮೊದಲ ವರ್ಷದಲ್ಲೇ ನರ್ಸ್ ಮನೆಗೆ ಒಂದು ವೈರ್ ಹೋಗುತ್ತದೆ. ಟಿವಿ ಬರುತ್ತದೆ, ಇಸ್ತ್ರಿ ಪೆಟ್ಟಿಗೆ ಬರುತ್ತದೆ. ಬ್ಯಾಟರಿ ಕೆಳಗಿಳಿದಾಗ ಕಂಟ್ರೋಲರ್ ಲೋಡ್ ಕಡಿದು ಹಾಕುತ್ತದೆ. ಯಾರೋ ಕಂಟ್ರೋಲರ್ ತಪ್ಪಿಸಿ ನೇರ ಬ್ಯಾಟರಿಗೆ ಜೋಡಿಸುತ್ತಾರೆ. ಅಲ್ಲಿಂದ ಬ್ಯಾಟರಿಗೆ ಉಳಿಗಾಲವಿಲ್ಲ. ಇದರಲ್ಲಿ ನರ್ಸನ್ನು ದೂರುವುದು ಅನ್ಯಾಯ. ಪಟ್ಟಣ ಬಿಟ್ಟು ಅಲ್ಲಿ ಬಂದು ಇರುವವರಿಗೆ ಮನೆಯಲ್ಲಿ ದೀಪ, ಫ್ಯಾನು ಬೇಕೇ ಬೇಕು. ಅವರ ಮನೆಗೆ 100 ವ್ಯಾಟಿನ ಬೇರೆ ಕಿಟ್ ಮೊದಲೇ ಎಸ್ಟಿಮೇಟಿನಲ್ಲಿ ಹಾಕಿ. ಮುಖ್ಯ ವ್ಯವಸ್ಥೆ ಉಳಿಸಲು ಅದಕ್ಕಿಂತ ಅಗ್ಗದ ದಾರಿ ಇಲ್ಲ.

ಎರಡನೆಯದು ಬ್ಯಾಟರಿ ಬದಲಿಸುವ ದುಡ್ಡು. ದಾನಿಗಳು ಹಾಕುವಾಗ ಕೊಡುತ್ತಾರೆ, ನಾಲ್ಕು ವರ್ಷದ ನಂತರ ಯಾರೂ ಕೊಡುವುದಿಲ್ಲ. ಎರಡು ಟ್ಯುಬುಲರ್‌ಗೆ ಅಲ್ಲಿನ ಸಿಎಫ್‌ಎ ಫ್ರಾಂಕಿನಲ್ಲಿ ಉದಾಹರಣೆಗೆ 2,40,000 ಹಿಡಿಯಿರಿ. 48 ತಿಂಗಳಿಗೆ ಹಂಚಿದರೆ ತಿಂಗಳಿಗೆ 5,000 ಫ್ರಾಂಕ್. ಒಂದು ಫೋನ್ ಚಾರ್ಜಿಗೆ 100 ಫ್ರಾಂಕ್ ಇಟ್ಟರೆ ತಿಂಗಳಿಗೆ 50 ಫೋನ್ ಸಾಕು. ಧಾರವಾಡದವರ ಲೆಕ್ಕದ 100 ವ್ಯಾಟ್-ಅವರ್‌ನಲ್ಲಿ ದಿನಕ್ಕೆ ಎಂಟು-ಹತ್ತು ಫೋನ್ ಆಗುತ್ತವೆ. ಚಾರ್ಜಿಂಗ್ ಬೆಳಗ್ಗೆ ಹತ್ತರಿಂದ ಮೂರರವರೆಗೆ ಮಾತ್ರ. ರಾತ್ರಿ ಮಾಡಿದರೆ ಹೆರಿಗೆ ಕೋಣೆಯ ಬ್ಯಾಟರಿಯಿಂದ ಹೋಗುತ್ತದೆ. ಅಲ್ಲಿ ಪ್ರತಿ ಆರೋಗ್ಯ ಕೇಂದ್ರಕ್ಕೂ ಊರವರನ್ನೊಳಗೊಂಡ ನಿರ್ವಹಣಾ ಸಮಿತಿ ಇರುತ್ತದೆ, ಕೊಜೆಸ್ ಎನ್ನುತ್ತಾರೆ. ಔಷಧ ಮಾರಾಟದ ಲೆಕ್ಕ ಇಡುವವರೂ ಅವರೇ. ಈ ಹಣಕ್ಕೆ ಅವರ ಪುಸ್ತಕದಲ್ಲೇ ಬೇರೆ ಪುಟ ಮಾಡಿಸಿ, ಇಲ್ಲದಿದ್ದರೆ ಔಷಧದ ದುಡ್ಡಿನಲ್ಲಿ ಸೇರಿ ಖರ್ಚಾಗುತ್ತದೆ.

ಗಿರಣಿಗೋ ಮನೆ ಕಿಟ್‌ಗೋ ಕಂತು ಇಡುವುದಾದರೆ ತಿಂಗಳ ಕಂತು ಬೇಡ. ಹತ್ತಿ ಬೆಳೆಗಾರನ ಕೈಗೆ ದುಡ್ಡು ಬರುವುದು ಕೊಯ್ಲಾಗಿ ತೂಕ ಮುಗಿದ ಮೇಲೆ. ಜೂನ್‌ನಿಂದ ಆಗಸ್ಟ್ ತನಕ ಕಣಜವೇ ಖಾಲಿ, ಆಗ ಕಂತು ಕೇಳಿದರೆ ಪ್ಯಾನೆಲ್ ಮಾರಿ ಜೋಳ ತರುತ್ತಾರೆ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಹಾಕುವ ರೈತನ ಹತ್ತಿರ ಶ್ರಾವಣದಲ್ಲಿ ಸಾಲದ ಕಂತು ಕೇಳಿದರೆ ಏನಾಗುತ್ತದೆಂದು ಹಾವೇರಿಯವರಿಗೆ ಹೇಳಬೇಕಾಗಿಲ್ಲ.

---

ಧಾರವಾಡ_ವೈರಿಂಗ್

ಅರ್ಥಿಂಗ್ ಬಿಟ್ಟಿದ್ದೆ, ಸೇರಿಸಿಬಿಡ್ತೀನಿ. ಅಲ್ಲಿ ಮಳಿಗಾಲ ಶುರು ಆಗೋವಾಗ ಸಿಡಿಲು ಬಾಳ, ನೆಲ ನಮ್ಮ ಕಡೆ ಹಂಗ ಗಟ್ಟಿ ಕೆಂಪು ಮುರ. ಒಣ ಮುರಿನಾಗ ಒಂದ ರಾಡ್ ಹೊಡದ್ರ ರೆಸಿಸ್ಟನ್ಸ್ ಇಳಿಯಂಗಿಲ್ಲ. ಎರಡು ರಾಡ್, ನಡುವ 3 ಮೀಟರ್ ಅಂತರ, ಸುತ್ತ ಇದ್ದಲಿ-ಉಪ್ಪು ತುಂಬಿ, ಕೈತೊಳಿಯೋ ನೀರು ಹರಿಯೋ ಕಡೆ ಹಾಕ್ರಿ. ಪ್ಯಾನೆಲ್ ಕಡೆ ಡಿಸಿ ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೊಡೆತ ತಡಿಯೋದು) ಒಂದು, ಇನ್ವರ್ಟರ್ ಔಟ್‌ಪುಟ್ ಕಡೆ ಎಸಿದು ಒಂದು. ಬ್ಯಾಟರಿ ಪ್ಲಸ್ಸಿಗೆ ಹತ್ತಿಕೊಂಡ ಫ್ಯೂಸ್ ಇರಬೇಕು, ಅಂಗೈ ಅಗಲಕ್ಕಿಂತ ದೂರ ಬ್ಯಾಡ. ಅದರ ಬಿಡಿ ಫ್ಯೂಸ್ ಹತ್ತು ಡಬ್ಬಿಯೊಳಗ ಅಂಟಿಸಿ ಬರ್ರಿ. ಅವು ಇಲ್ಲಂದ್ರ ತಾಮ್ರದ ಎಳಿ ಸುತ್ತತಾರ.